ಬಳಪದಿಂದ ಕಲಿಕೆಯ ಏಣಿಗೆ: ಕನ್ನಡ ಶಾಲೆಗಳಲ್ಲಿ ಸ್ವಮೌಲ್ಯಮಾಪನ ಮತ್ತು ಹಿಮ್ಮಾಹಿತಿಯ ಚರಿತ್ರೆ

ಕರ್ನಾಟಕದ ಶಿಕ್ಷಣ ಚರಿತ್ರೆಯನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಶಾಲೆಗಳ ಸಂಖ್ಯೆ, ಆಡಳಿತ, ಪಠ್ಯ ಹಾಗೂ ಭಾಷಾಮಾಧ್ಯಮಗಳ ಸುತ್ತ ಸಾಗಿವೆ. ಶಾಲೆಯ ಒಳಗೆ ನಡೆಯುತ್ತಿದ್ದ ಒಂದು ಚಿಕ್ಕ, ಆದರೆ ಮೂಲಭೂತವಾದ ವ್ಯವಹಾರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ತಾನು ಬರೆದುದು ಸರಿಯೋ ತಪ್ಪೋ ಎಂಬುದು ಮಗುವಿಗೆ ಯಾರಿಂದ ತಿಳಿಯುತ್ತಿತ್ತು? ಎಷ್ಟು ಹೊತ್ತಿಗೆ ತಿಳಿಯುತ್ತಿತ್ತು? ತಿಳಿದ ಮೇಲೆ ತಿದ್ದಿಕೊಳ್ಳಲು ಅದಕ್ಕೆ ಅವಕಾಶವಿತ್ತೇ? ಇಂದು ‘ಸ್ವಮೌಲ್ಯಮಾಪನ’, ‘ಹಿಮ್ಮಾಹಿತಿ’ ಎಂಬ ಹೆಸರುಗಳಲ್ಲಿ ಶಿಕ್ಷಕರ ತರಬೇತಿಗಳಲ್ಲಿ ಪ್ರಸ್ತಾಪವಾಗುವ ವಿಷಯ ಈ ಮೂರು ಪ್ರಶ್ನೆಗಳಲ್ಲಿ ಅಡಗಿದೆ. ಈ ಪ್ರಶ್ನೆಗಳನ್ನು ಎದುರಿಗಿಟ್ಟುಕೊಂಡು ಕಳೆದ ಎರಡು ಶತಮಾನಗಳ ಶಾಲಾ ಬದುಕನ್ನು ನೋಡಿದರೆ, ಹೊಸತೆಂದು ಭಾವಿಸಲಾದ ಹಲವು ಸಂಗತಿಗಳು ಹಳೆಯವೆಂದೂ, ಹಳೆಯದೆಂದು ಒಪ್ಪಿಕೊಂಡ ಪರೀಕ್ಷೆ ಈಚಿನದೆಂದೂ ಮನವರಿಕೆಯಾಗುತ್ತದೆ.

ಕೂಲಿಮಠದ ತರಗತಿ

1822ರ ಜೂನ್ 25ರಂದು ಮದರಾಸು ಗವರ್ನರ್ ಸರ್ ಥಾಮಸ್ ಮನ್ರೋ ತನ್ನ ಆಡಳಿತದ ಜಿಲ್ಲೆಗಳಲ್ಲಿದ್ದ ದೇಶೀ ಶಾಲೆಗಳ ವಿವರ ಕಳುಹಿಸುವಂತೆ ಕಲೆಕ್ಟರರಿಗೆ ಆದೇಶಿಸಿದನು. ಬಂದ ಉತ್ತರಗಳಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಬರೆದ ವರದಿ ಎಲ್ಲಕ್ಕಿಂತ ವಿವರವಾದುದು. 1816ರಲ್ಲಿ ತೆಲುಗು ವ್ಯಾಕರಣವೊಂದನ್ನು ಪ್ರಕಟಿಸಿದ್ದ ಈ ಅಧಿಕಾರಿಗೆ ಭಾಷೆ ಹಾಗೂ ಪಾಠಕ್ರಮಗಳ ಬಗ್ಗೆ ಸೂಕ್ಷ್ಮ ದೃಷ್ಟಿಯಿತ್ತು. ಧರಂಪಾಲ್ 1983ರಲ್ಲಿ ಹೊರತಂದ ಗ್ರಂಥದ ಮೂಲಕ ಈ ವರದಿ ವಿದ್ವಾಂಸರ ಕೈಗೆ ಮತ್ತೆ ಬಂದಿತು.

ವರದಿಯ ಪ್ರಕಾರ ಅಂದಿನ ಬಳ್ಳಾರಿ ಜಿಲ್ಲೆಯ 9,27,857 ಜನರಿಗೆ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಓದುತ್ತಿದ್ದವರು 6,641 ಮಂದಿ. ಅವರಲ್ಲಿ ಹೆಣ್ಣುಮಕ್ಕಳು ಕೇವಲ 60. ಅಂದಿನ ಬಳ್ಳಾರಿ ಇಂದಿನ ಅನಂತಪುರದ ಪ್ರದೇಶವನ್ನೂ ಒಳಗೊಂಡಿತ್ತೆಂಬುದನ್ನು ಇಲ್ಲಿ ಮರೆಯಬಾರದು. ಈ ಶಾಲೆಗಳ ಗುಣದೋಷಗಳನ್ನು ಚರ್ಚಿಸುವಾಗಲೆಲ್ಲ ಬಾಗಿಲ ಹೊರಗೆ ಉಳಿದವರ ಪ್ರಮಾಣವನ್ನೂ ನೆನಪಿನಲ್ಲಿಡಬೇಕಾಗುತ್ತದೆ.

ಕನ್ನಡ ನಾಡಿನಲ್ಲಿ ಕೂಲಿಮಠ, ಐಗಳ ಮಠ ಎಂಬಿತ್ಯಾದಿ ಹೆಸರುಗಳಿಂದ ಕರೆಸಿಕೊಂಡ ಇಂಥ ಶಾಲೆಗಳ ದಿನಚರಿಯನ್ನು ಕ್ಯಾಂಪ್‌ಬೆಲ್ ದಾಖಲಿಸಿದ್ದಾನೆ. ಬೆಳಗಿನ ಆರು ಗಂಟೆಗೆ ಪಾಠ ಆರಂಭ. ಮೊದಲು ಬಂದ ಹುಡುಗನ ಅಂಗೈ ಮೇಲೆ ‘ಸರಸ್ವತಿ’ ಎಂದು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಮೆಲುವಾದ ಏಟು, ಅನಂತರ ಬಂದವರಿಗೆ ಒಂದೊಂದು ಹೆಚ್ಚು. ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ತರಗತಿಗಳಾಗಿ ವಿಂಗಡಿಸಲಾಗುತ್ತಿತ್ತು. ಕೆಳಗಿನ ತರಗತಿಗಳು ಭಾಗಶಃ ಹಿರಿಯ ವಿದ್ಯಾರ್ಥಿಗಳ ಉಸ್ತುವಾರಿಯಲ್ಲಿದ್ದರೆ ಮೇಲಿನವು ನೇರವಾಗಿ ಗುರುವಿನ ಕೈಕೆಳಗಿದ್ದವು. ಆದರೂ ಗುರುವಿನ ಕಣ್ಣು ಇಡೀ ಮಠದ ಮೇಲಿರುತ್ತಿತ್ತು.

ಬರವಣಿಗೆಯ ಸಾಧನಗಳು ಇಲ್ಲಿ ವಿಶೇಷ ಗಮನಕ್ಕೆ ಅರ್ಹವಾಗಿವೆ. ಅಕ್ಷರಾಭ್ಯಾಸ ನೆಲದ ಮೇಲೆ ಹರಡಿದ ಮರಳಿನಲ್ಲಿ, ಬೆರಳಿನಿಂದ. ಮುಂದಿನ ಹಂತದಲ್ಲಿ ಅನ್ನ ಮತ್ತು ಇದ್ದಿಲ ಪುಡಿ ಸವರಿ ನುಣುಪು ಮಾಡಿದ ಹಲಗೆ, ಇಲ್ಲವೆ ಗಂಜಿ ಹಾಕಿ ಮಡಿಸಿ ಇದ್ದಿಲು ಹಾಗೂ ಅಂಟು ಲೇಪಿಸಿದ ಬಟ್ಟೆಯ ಕಡತ. ಇವೆರಡರ ಮೇಲೂ ಬರೆಯಲು ಬಳಪ. ಮರಳಾಗಲಿ, ಹಲಗೆಯಾಗಲಿ, ಕಡತವಾಗಲಿ, ಎಲ್ಲವೂ ಅಳಿಸಬಹುದಾದವು. ಮರಳನ್ನು ಅಂಗೈಯಿಂದ ಸವರಿದರೆ ಸಾಕು. ಕಡತವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಕಾಗದ ದುಬಾರಿಯಾಗಿದ್ದ ಕಾಲದ ಮಿತವ್ಯಯದಿಂದ ಹುಟ್ಟಿದ ಈ ಏರ್ಪಾಡು ಕಲಿಕೆಯ ದೃಷ್ಟಿಯಿಂದ ಒಂದು ದೊಡ್ಡ ಉಪಕಾರವನ್ನು ಮಾಡಿತು. ತಪ್ಪು ದಾಖಲೆಯಾಗಿ ಉಳಿಯುತ್ತಿರಲಿಲ್ಲ. ಪಕ್ಕದಲ್ಲಿ ಕುಳಿತ ಹಿರಿಯ ಹುಡುಗ ಅಕ್ಷರದ ಸೊಟ್ಟನ್ನು ಆ ಕ್ಷಣದಲ್ಲೇ ತೋರಿಸಬಹುದಿತ್ತು. ಮಗು ಅಳಿಸಿ ಮತ್ತೆ ಬರೆಯಬಹುದಿತ್ತು. ಯಾರಿಂದ, ಯಾವಾಗ, ತಿದ್ದಲು ಅವಕಾಶವುಂಟೇ ಎಂಬ ಮೂರು ಪ್ರಶ್ನೆಗಳಿಗೂ ಅಕ್ಷರಾಭ್ಯಾಸದ ಮಟ್ಟಿಗೆ ಮಠದ ಉತ್ತರ ತೃಪ್ತಿಕರವಾಗಿತ್ತು.

ಮುಂದಿರುವವರು ಹಿಂದಿರುವವರಿಗೆ ಕಲಿಸುತ್ತಲೇ ತಮ್ಮ ತಿಳಿವನ್ನು ಗಟ್ಟಿಮಾಡಿಕೊಳ್ಳುವ ಈ ಕ್ರಮ ಮೆಚ್ಚತಕ್ಕದ್ದೆಂದೂ, ಇಂಗ್ಲೆಂಡಿನಲ್ಲಿ ಅದನ್ನು ಅನುಸರಿಸಿದ್ದು ಯೋಗ್ಯವೆಂದೂ ಕ್ಯಾಂಪ್‌ಬೆಲ್ ಅಭಿಪ್ರಾಯಪಟ್ಟಿದ್ದಾನೆ.

ಬಾಯಿಪಾಠದ ಮಿತಿ

ಆದರೆ ಅದೇ ವರದಿ ಮಠದ ಮಿತಿಯನ್ನೂ ಅಷ್ಟೇ ನಿಷ್ಠುರವಾಗಿ ಹೇಳುತ್ತದೆ. ತೆಲುಗು ಹಾಗೂ ಕನ್ನಡ ಶಾಲೆಗಳಲ್ಲಿ ಓದಿಸುತ್ತಿದ್ದ ಗ್ರಂಥಗಳು ಪದ್ಯರೂಪದವು; ಅವುಗಳ ಭಾಷೆ ಆಡುಮಾತಿಗೆ ದೂರವಾದುದು. ಲಿಪಿ ಒಂದೇ ಆದುದರಿಂದ ಮಗು ಓದಬಲ್ಲದು, ಆದರೆ ಅರ್ಥ ತಿಳಿಯಲಾರದು. ಓದಿದ್ದನ್ನು ಕಂಠಪಾಠ ಮಾಡಿ ಒಪ್ಪಿಸಿದರೆ ಪಾಠ ಮುಗಿದಂತೆ. ಸೋಮಾರಿಯೆನಿಸಿದವನನ್ನು ಕೈಕಟ್ಟಿ ತೊಲೆಗೆ ತೂಗುಹಾಕುವ, ಬಸ್ಕಿ ಹೊಡೆಸುವ ಶಿಕ್ಷೆಗಳನ್ನೂ ಕ್ಯಾಂಪ್‌ಬೆಲ್ ದಾಖಲಿಸಿದ್ದಾನೆ. ಇಂಥ ತೂಗುಶಿಕ್ಷೆಯೇ ಕನ್ನಡಿಗರ ನೆನಪಿನಲ್ಲಿ ‘ಕೋದಂಡ’ವೆಂದು ಉಳಿದುಕೊಂಡಿದೆ.

ಸಹಪಾಠಿಯ ಪರಿಶೀಲನೆಗೆ ಇರುವ ಸಹಜ ಗಡಿ ಇಲ್ಲಿ ಸ್ಪಷ್ಟವಾಗುತ್ತದೆ. ಅಕ್ಷರದ ಆಕಾರ, ಮಗ್ಗಿಯ ಲೆಕ್ಕ, ಪದ್ಯದ ಕ್ರಮ, ಇವುಗಳ ಸರಿತಪ್ಪುಗಳನ್ನು ಇನ್ನೊಂದು ಮಗು ಹೇಳಬಲ್ಲದು. ಅರ್ಥವಾಯಿತೇ ಎಂಬುದನ್ನು, ತನಗೇ ಅರ್ಥವಾಗದ ಹಿರಿಯ ಹುಡುಗ ಹೇಗೆ ಪರೀಕ್ಷಿಸಿಯಾನು? ಮಗು ತನ್ನನ್ನು ತಾನು ಅಳೆದುಕೊಳ್ಳಬೇಕಾದರೆ ಅಳತೆಗೋಲು ಅದಕ್ಕೆ ಗೋಚರವಾಗಿರಬೇಕು. ಮಠದಲ್ಲಿ ಉಚ್ಚಾರಕ್ಕೆ ಅಳತೆಗೋಲಿತ್ತು, ಗ್ರಹಿಕೆಗೆ ಇರಲಿಲ್ಲ.

ಎಗ್ಮೋರಿನ ಪ್ರಯೋಗ

ಕ್ಯಾಂಪ್‌ಬೆಲ್ ಸೂಚಿಸಿದ ಇಂಗ್ಲೆಂಡಿನ ಅನುಕರಣೆಯ ಹಿಂದೆ ಮದರಾಸಿನ ಒಂದು ಅನಾಥಾಲಯವಿತ್ತು. 1789ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಆಂಡ್ರ್ಯೂ ಬೆಲ್ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆಯ ಹೊಣೆ ಹೊತ್ತನು. ದೇಶೀ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುತ್ತಿದ್ದುದನ್ನು ಕಂಡು ಅದನ್ನು ತನ್ನ ಶಾಲೆಗೆ ತಂದನು. ಉಪಾಧ್ಯಾಯರು ಆಸಕ್ತಿ ತೋರದಿದ್ದಾಗ ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಆಸುಪಾಸಿನ ಹುಡುಗನಿಗೆ ಅಕ್ಷರದ ತರಗತಿಯನ್ನು ವಹಿಸಿದನು. 1797ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಬೆಲ್‌ನ ವರದಿಯಿಂದ ಈ ಪದ್ಧತಿ ‘ಮದರಾಸು ಪದ್ಧತಿ’ಯೆಂದು ಹೆಸರಾಯಿತು. ಮರಳುಬರಹದ ಋಣವನ್ನು ಬೆಲ್ ಒಪ್ಪಿಕೊಂಡನಾದರೂ ಮಕ್ಕಳಿಂದ ಮಕ್ಕಳಿಗೆ ಕಲಿಸುವ ಕ್ರಮ ತನ್ನದೇ ಶೋಧನೆಯೆಂದು ಸಾಧಿಸಿದನು. ಬಳ್ಳಾರಿಯ ವರದಿಯ ಜೊತೆಗಿಟ್ಟು ನೋಡಿದರೆ ಆ ಮಾತನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ.

ಬೆಲ್‌ನ ಶಾಲೆಯಲ್ಲಿ ಮಕ್ಕಳು ಆಯಾ ದಿನ ಮುಗಿಸಿದ ಕೆಲಸದ ಲೆಕ್ಕವನ್ನು ತಾವೇ ಬರೆದಿಡುವ ರೂಢಿಯಿತ್ತು. ತಪ್ಪು ನಡತೆಗಳನ್ನು ‘ಕರಿಪುಸ್ತಕ’ದಲ್ಲಿ ದಾಖಲಿಸಿ, ಹುಡುಗರದೇ ಪಂಚಾಯಿತಿಯ ಮುಂದೆ ವಿಚಾರಿಸಲಾಗುತ್ತಿತ್ತು. ಮಠದ ಮರಳು ಅಳಿಸಿಹೋಗುತ್ತಿತ್ತು; ಕರಿಪುಸ್ತಕ ಉಳಿಯುತ್ತಿತ್ತು. ಸ್ವಮೌಲ್ಯಮಾಪನದ ದಾಖಲೆ ಕಲಿಯುವವನ ಕೈಯಲ್ಲಿರುವ ಸಾಧನವಾಗಬಹುದು, ಅವನ ಮೇಲಿನ ಕಾವಲೂ ಆಗಬಹುದು ಎಂಬುದಕ್ಕೆ ಈ ಶಾಲೆ ಒಂದು ಆರಂಭಿಕ ನಿದರ್ಶನ.

ಪರೀಕ್ಷಕನ ಆಗಮನ

1854ರ ವುಡ್ ಪತ್ರದ ತರುವಾಯ ಶಿಕ್ಷಣ ಇಲಾಖೆಗಳು ಸ್ಥಾಪನೆಯಾದವು. 1857ರಲ್ಲಿ ಮದರಾಸು ಹಾಗೂ ಮುಂಬಯಿ ವಿಶ್ವವಿದ್ಯಾಲಯಗಳು ಹುಟ್ಟಿ ಮೆಟ್ರಿಕ್ಯುಲೇಷನ್ ಪರೀಕ್ಷೆ ಬಂದಿತು. ಮೈಸೂರು ಸಂಸ್ಥಾನದಲ್ಲಿ 1868ರ ಹೋಬಳಿ ಶಾಲೆಗಳ ಯೋಜನೆಯಿಂದ ಸರ್ಕಾರಿ ಶಾಲೆ ಗ್ರಾಮಾಂತರವನ್ನು ಮುಟ್ಟಿತು. ಇಂಗ್ಲೆಂಡಿನಲ್ಲಿ 1862ರಲ್ಲಿ ಜಾರಿಗೆ ಬಂದ ‘ಫಲಿತಾಂಶಕ್ಕೆ ತಕ್ಕ ಅನುದಾನ’ದ ನಿಯಮ ಅದೇ ದಶಕದಲ್ಲಿ ಮದರಾಸು ಪ್ರಾಂತ್ಯಕ್ಕೂ ಕಾಲಿಟ್ಟಿತು. ಇನ್‌ಸ್ಪೆಕ್ಟರ್ ಬಂದು ಪರೀಕ್ಷಿಸಿದಾಗ ಎಷ್ಟು ಮಕ್ಕಳು ತೇರ್ಗಡೆಯಾದರೋ ಅದರ ಮೇಲೆ ಶಾಲೆಯ ಅನುದಾನ ನಿರ್ಧಾರವಾಗುತ್ತಿತ್ತು.

ಈ ಬದಲಾವಣೆಯಿಂದ ಶಾಲೆಯ ಬಾಗಿಲು ಹಿಂದೆಂದಿಗಿಂತ ಅಗಲವಾಗಿ ತೆರೆಯಿತೆಂಬುದನ್ನು ಅಲ್ಲಗಳೆಯಲಾಗದು. ಹೊರಗಿನ ಪರೀಕ್ಷಕ ಮಗುವಿನ ಕುಲವನ್ನಲ್ಲ, ಉತ್ತರವನ್ನು ನೋಡಬೇಕೆಂಬ ತತ್ತ್ವ ಅಂದಿನ ಸಮಾಜದಲ್ಲಿ ಸಣ್ಣ ಮಾತಲ್ಲ. ಆದರೆ ಮೂರು ಪ್ರಶ್ನೆಗಳ ಉತ್ತರ ತಲೆಕೆಳಗಾಯಿತು. ತಪ್ಪನ್ನು ಹೇಳುವವನು ಅಪರಿಚಿತನಾದನು. ಹೇಳುವ ಹೊತ್ತು ವರ್ಷದ ಕೊನೆಯಾಯಿತು. ಹೇಳಿದ ಮೇಲೆ ತಿದ್ದಿಕೊಳ್ಳುವ ಬದಲು ಇಡೀ ವರ್ಷವನ್ನೇ ಮತ್ತೆ ಓದಬೇಕಾಯಿತು. ‘ನಪಾಸು’ ಎಂಬ ಪದ ಕನ್ನಡದ ಮನೆಮಾತಾದ ಬಗೆ ಇದು. ಉತ್ತರಪತ್ರಿಕೆ ಮಗುವಿಗೆ ಮರಳಿ ಬಾರದೆ ಅಂಕ ಮಾತ್ರ ಬಂದಾಗ, ಎಲ್ಲಿ ಎಡವಿದೆನೆಂಬುದು ಅದಕ್ಕೆ ತಿಳಿಯುವ ದಾರಿಯೇ ಮುಚ್ಚಿಹೋಯಿತು.

ಈ ಕೊರತೆಯ ಅರಿವು ರಾಷ್ಟ್ರಮಟ್ಟದ ಚರ್ಚೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿದೆ. 1937ರ ವಾರ್ಧಾ ಸಮ್ಮೇಳನದ ಬೆನ್ನಿಗೆ ರಚನೆಯಾದ ಜಾಕಿರ್ ಹುಸೇನ್ ಸಮಿತಿ ಅಂದಿನ ಪರೀಕ್ಷಾಪದ್ಧತಿಯನ್ನು ಕಟುವಾಗಿ ಟೀಕಿಸಿತು. 1952-53ರ ಮುದಲಿಯಾರ್ ಆಯೋಗ ಹೊರಗಿನ ಪರೀಕ್ಷೆಗಳನ್ನು ಕಡಿಮೆಮಾಡಿ ಶಾಲಾ ದಾಖಲೆಗಳಿಗೆ ಮನ್ನಣೆ ಕೊಡಬೇಕೆಂದಿತು. 1964-66ರ ಕೊಠಾರಿ ಆಯೋಗ ಮೌಲ್ಯಮಾಪನ ನಿರಂತರ ಪ್ರಕ್ರಿಯೆಯೆಂದು ಸಾರಿತು. ಇಷ್ಟು ವರದಿಗಳ ನಂತರವೂ ವಾರ್ಷಿಕ ಪರೀಕ್ಷೆಯ ಆಸನ ಅಲುಗಲಿಲ್ಲ.

ನೀಲ್‌ಬಾಗ್‌ನಿಂದ ನಲಿ-ಕಲಿಗೆ

ಬದಲಾವಣೆ ಬಂದದ್ದು ಅಂಚಿನಿಂದ. 1972ರಲ್ಲಿ ಡೇವಿಡ್ ಹಾರ್ಸ್‌ಬರೋ ಕೋಲಾರ ಜಿಲ್ಲೆಯಲ್ಲಿ ನೀಲ್‌ಬಾಗ್ ಶಾಲೆಯನ್ನು ಆರಂಭಿಸಿದರು. ಅಲ್ಲಿ ವಯಸ್ಸಿಗನುಗುಣವಾದ ತರಗತಿಗಳಿರಲಿಲ್ಲ, ಪರೀಕ್ಷೆಯ ಭಯವಿರಲಿಲ್ಲ. ಪ್ರತಿ ಮಗುವೂ ತನ್ನ ವೇಗದಲ್ಲಿ ಮುಂದುವರಿಯುತ್ತಿತ್ತು. ಇದೇ ಬಗೆಯ ಚಿಂತನೆ ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ‘ಕಲಿಕಾ ಏಣಿ’ಯ ರೂಪ ಪಡೆಯಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು ಅಲ್ಲಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನೊಂದಿಗೆ ರೂಪಿಸಿದ ಕ್ರಮವೇ ‘ನಲಿ-ಕಲಿ’.

ನಲಿ-ಕಲಿ ಕೊಠಡಿಯಲ್ಲಿ ಪಾಠಪುಸ್ತಕದ ಸ್ಥಾನವನ್ನು ಕಾರ್ಡುಗಳೂ ಗೋಡೆಯ ಮೇಲಿನ ಏಣಿಯೂ ಪಡೆದವು. ಕಲಿಯಬೇಕಾದುದೆಲ್ಲ ಮೈಲಿಗಲ್ಲುಗಳಾಗಿ, ಪ್ರತಿ ಮೈಲಿಗಲ್ಲೂ ಸಣ್ಣ ಮೆಟ್ಟಿಲುಗಳಾಗಿ ವಿಂಗಡಣೆಗೊಂಡಿತು. ಮೆಟ್ಟಿಲಿಗೊಂದು ಚಿತ್ರದ ಗುರುತು. ಇನ್ನೂ ಓದಲು ಬಾರದ ಮಗುವೂ ಗುರುತನ್ನು ನೋಡಿ ತಾನೆಲ್ಲಿದ್ದೇನೆ, ಮುಂದಿನದು ಯಾವುದು ಎಂದು ತಿಳಿದು ತನ್ನ ಕಾರ್ಡನ್ನು ತಾನೇ ಎತ್ತಿಕೊಳ್ಳುವ ಏರ್ಪಾಡು ಇದು. ಪೂರ್ಣವಾಗಿ ಶಿಕ್ಷಕರ ನೆರವು ಬೇಕಾದವರು, ಗೆಳೆಯರ ನೆರವಿನಿಂದ ಕಲಿಯುವವರು, ಸ್ವತಃ ಕಲಿಯುವವರು ಎಂಬಂತೆ ಮಕ್ಕಳು ಗುಂಪುಗಳಲ್ಲಿ ಕೂರುತ್ತಾರೆ. ಮೆಟ್ಟಿಲು ಬದಲಾದಂತೆ ಗುಂಪೂ ಬದಲಾಗುತ್ತದೆ. ಅಳತೆಗೋಲು ಗೋಡೆಯ ಮೇಲೆ, ಮಗುವಿನ ಕಣ್ಣೆದುರಿಗೆ ಬಂದಿತು. ಕೂಲಿಮಠಕ್ಕೆ ಇಲ್ಲದಿದ್ದ ಅನುಕೂಲ ಇದೇ. 2009-10ರಿಂದ ಈ ಕ್ರಮ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಕೆಳತರಗತಿಗಳಿಗೆ ವಿಸ್ತರಿಸಿತು.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ನಿರಂತರ ಹಾಗೂ ವ್ಯಾಪಕ ಮೌಲ್ಯಮಾಪನವನ್ನು ಕಾನೂನಿನ ಮಾತಾಗಿಸಿತು. ಆದರೆ ಹಳೆಯ ಅಭ್ಯಾಸ ಹೊಸ ಹೆಸರಿನಲ್ಲಿ ಮರಳಿ ಬಂದದ್ದನ್ನು ಗಮನಿಸಬೇಕು. ಕಲಿಕೆಯ ನಡುವೆ ತಿದ್ದಲೆಂದು ಉದ್ದೇಶಿಸಿದ ‘ರೂಪಣಾತ್ಮಕ’ ಮೌಲ್ಯಮಾಪನ ವರ್ಷಕ್ಕೆ ನಾಲ್ಕು ಬಾರಿ ತುಂಬಬೇಕಾದ ಅಂಕಗಳ ಕೋಷ್ಟಕವಾದಾಗ ಅದು ನಾಲ್ಕು ಸಣ್ಣ ಪರೀಕ್ಷೆಗಳಾಗುತ್ತದೆಯೇ ಹೊರತು ಹಿಮ್ಮಾಹಿತಿಯಾಗುವುದಿಲ್ಲ. 2019ರ ತಿದ್ದುಪಡಿ ಐದು ಹಾಗೂ ಎಂಟನೆಯ ತರಗತಿಗಳಲ್ಲಿ ಮಕ್ಕಳನ್ನು ತಡೆಹಿಡಿಯುವ ಅವಕಾಶವನ್ನು ಮತ್ತೆ ಕಲ್ಪಿಸಿತು. ಮರುವರ್ಷದ ರಾಷ್ಟ್ರೀಯ ಶಿಕ್ಷಣ ನೀತಿಯಾದರೋ ಪ್ರಗತಿಪತ್ರದಲ್ಲಿ ಶಿಕ್ಷಕರ ಮಾತಿನೊಡನೆ ಮಗುವಿನ ಸ್ವಮೌಲ್ಯಮಾಪನಕ್ಕೂ ಸಹಪಾಠಿಗಳ ಅಭಿಪ್ರಾಯಕ್ಕೂ ಸ್ಥಳ ಕೊಡಬೇಕೆಂದಿತು. ಎರಡು ಪರಂಪರೆಗಳ ಜಗ್ಗಾಟ ಇನ್ನೂ ಮುಗಿದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಸಮಾರೋಪ

ಕಲಿಯುವವನಿಗೆ ಗುರಿಯ ಸ್ವರೂಪ ತಿಳಿದಿರಬೇಕು, ತನ್ನ ಕೆಲಸವನ್ನು ಅದರೊಡನೆ ಹೋಲಿಸಿಕೊಳ್ಳಲು ಬರಬೇಕು, ಅಂತರವನ್ನು ಕಡಿಮೆಮಾಡುವ ಕ್ರಮ ಕೈಗೊಳ್ಳಬೇಕು ಎಂದು 1989ರಲ್ಲಿ ಆಸ್ಟ್ರೇಲಿಯಾದ ವಿದ್ವಾಂಸ ರಾಯ್ಸ್ ಸ್ಯಾಡ್ಲರ್ ಪ್ರತಿಪಾದಿಸಿದರು. ಈ ಮೂರನ್ನು ಕನ್ನಡ ಶಾಲೆಯ ಚರಿತ್ರೆಗೆ ಅನ್ವಯಿಸಿದರೆ ದೊರೆಯುವ ಚಿತ್ರ ಸರಳವಾದುದಲ್ಲ. ಮಠದಲ್ಲಿ ತಿದ್ದುವ ಅವಕಾಶವಿತ್ತು, ಅರ್ಥದ ಗುರಿ ಇರಲಿಲ್ಲ. ಬಹುಪಾಲು ಮಕ್ಕಳಿಗೆ ಪ್ರವೇಶವೂ ಇರಲಿಲ್ಲ. ಇಲಾಖೆಯ ಶಾಲೆಯಲ್ಲಿ ಪ್ರವೇಶ ವಿಸ್ತಾರವಾಯಿತು, ತೀರ್ಪು ಮಗುವಿನ ಕೈತಪ್ಪಿತು. ನಲಿ-ಕಲಿ ಇವೆರಡನ್ನೂ ಕೂಡಿಸುವ ಯತ್ನ. ಆದರೆ ಏಣಿಯ ಮೇಲಿನ ಗುರುತನ್ನು ಮಗುವಿನ ಬದಲು ಶಿಕ್ಷಕರು, ಅದೂ ಮೇಲಧಿಕಾರಿಯ ಭೇಟಿಗಾಗಿ ತುಂಬುವ ದಿನ, ಅದು ಕೂಡ ಇನ್ನೊಂದು ಕರಿಪುಸ್ತಕವಾಗುತ್ತದೆ.

ಸ್ವಮೌಲ್ಯಮಾಪನದ ಯೋಜನೆ ಯಾವುದೇ ಇರಲಿ, ತನ್ನ ತಪ್ಪನ್ನು ತಾನೇ ಕಂಡ ಮಗುವಿಗೆ ಅದನ್ನು ಅಂಜಿಕೆಯಿಲ್ಲದೆ ಅಳಿಸಿ ಮತ್ತೆ ಬರೆಯುವ ಅವಕಾಶ ಉಳಿದಿದೆಯೇ ಎಂಬುದೇ ಅದರ ನಿಜವಾದ ಒರೆಗಲ್ಲು. ಇನ್ನೂರು ವರ್ಷಗಳ ಹಿಂದೆ ಬಳ್ಳಾರಿ ಸೀಮೆಯ ಮಕ್ಕಳಿಗೆ ಒಂದು ಹಿಡಿ ಮರಳು ಆ ಅವಕಾಶವನ್ನು ಕೊಟ್ಟಿತ್ತು.