ಮಧುಮೇಹ ಮತ್ತು ಗಿಡಮೂಲಿಕೆ ಬಳಕೆ

ಸಕ್ಕರೆ ಕಾಯಿಲೆ ಇರುವವರು ವೈದ್ಯರು ಬರೆದುಕೊಟ್ಟ ಮಾತ್ರೆ, ಇನ್ಸುಲಿನ್‌ಗಳ ಜೊತೆಗೆ, ಕೆಲವೊಮ್ಮೆ ಅವನ್ನು ಬಿಟ್ಟು, ಮನೆಮದ್ದು ಮತ್ತು ಆಯುರ್ವೇದದಂಥ ಪದ್ಧತಿಗಳ ಔಷಧಿ ಸೇವಿಸುವ ರೂಢಿಯಿದೆ. ಆಯುರ್ವೇದದ ಹಳೆಯ ಗ್ರಂಥ ಚರಕ ಸಂಹಿತೆ ಎಣಿಸುವ ಇಪ್ಪತ್ತು ಬಗೆಯ ಪ್ರಮೇಹಗಳಲ್ಲಿ, ಅಂದರೆ ಮೂತ್ರ ಸಂಬಂಧಿ ಕಾಯಿಲೆಗಳಲ್ಲಿ, ಮಧುಮೇಹವೂ ಒಂದು.

ಕರ್ನಾಟಕದಲ್ಲಿ ನೆನೆಸಿದ ಮೆಂತ್ಯ, ಹಾಗಲಕಾಯಿ ರಸ, ನೇರಳೆ ಬೀಜದ ಪುಡಿ, ಅಮೃತಬಳ್ಳಿ ಕಷಾಯ ಹೆಚ್ಚು ಬಳಕೆಯಲ್ಲಿವೆ. ಕುಂಡದಲ್ಲಿ ಬೆಳೆಸುವ ‘ಇನ್ಸುಲಿನ್ ಗಿಡ’ದ ಎಲೆಯನ್ನೂ ಅಗಿಯುತ್ತಾರೆ. ಹೆಸರು ಹಾಗಿದ್ದರೂ ಆ ಎಲೆ ಇನ್ಸುಲಿನ್ ಚುಚ್ಚುಮದ್ದಿನ ಜಾಗ ತುಂಬಲಾರದು. ಮಧುನಾಶಿನಿ, ಅಂದರೆ ಸಣ್ಣಗೆರಸೆ ಹಂಬಿನ ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ತಿಂದಂತಾಗುತ್ತದೆ. ಅದರ ಜಿಮ್ನೆಮಿಕ್ ಆಮ್ಲಗಳು ನಾಲಗೆಯ ಸಿಹಿ ಗ್ರಾಹಕಗಳನ್ನು ಸ್ವಲ್ಪ ಹೊತ್ತು ತಡೆಯುತ್ತವೆ. ನಾಲಗೆಗೆ ಸಿಹಿ ತಿಳಿಯದಿದ್ದ ಮಾತ್ರಕ್ಕೆ ರಕ್ತದ ಸಕ್ಕರೆ ಇಳಿದಂತಲ್ಲ.

ಹೊನ್ನೆ ಮರದ ಕೆಚ್ಚಿನಲ್ಲಿ ಕಡೆದ ಲೋಟಕ್ಕೆ ರಾತ್ರಿ ನೀರು ತುಂಬಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ಕಂದುಬಣ್ಣಕ್ಕೆ ತಿರುಗಿರುತ್ತದೆ. ಬಿಸಿಲಿಗೆ ಹಿಡಿದರೆ ನೀಲಿ ಹೊಳಪು ಕಾಣುತ್ತದೆ. ಆ ನೀರನ್ನೂ ಸಕ್ಕರೆ ಕಾಯಿಲೆಗೆಂದು ಕುಡಿಯುತ್ತಾರೆ. ಈ ಮರದ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಕಾಯಿಲೆ ಹೊಸದಾಗಿದ್ದ, ತೀವ್ರವಲ್ಲದ 97 ಮಂದಿಯಲ್ಲಿ 67 ಮಂದಿಯ ಸಕ್ಕರೆ 12 ವಾರಗಳಲ್ಲಿ ಹತೋಟಿಗೆ ಬಂದಿತ್ತು. ಆದರೆ ಅಲ್ಲಿ ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ. ಕೊಟ್ಟದ್ದೂ ಅಳತೆಯ ಔಷಧಿ, ಲೋಟದ ನೀರಲ್ಲ.

ಗಿಡಮೂಲಿಕೆಯನ್ನು ಸಾರಾಸಗಟಾಗಿ ತಳ್ಳಿಹಾಕುವುದೂ ಸರಿಯಲ್ಲ. ಇಂದು ಮನೆಮಾತಾಗಿರುವ ಮಧುಮೇಹದ ಮಾತ್ರೆ ಮೆಟ್‌ಫಾರ್ಮಿನ್‌ನ ಮೂಲ ಯುರೋಪಿನ ಗೆಲೇಗಾ ಎಂಬ ಗಿಡ. ಅದರ ಗೆಲೆಜಿನ್ ಎಂಬ ಅಂಶ ವಿಷಕಾರಿಯಾಗಿತ್ತು. ಅದೇ ಬಳಗದ ಮೆಟ್‌ಫಾರ್ಮಿನ್ ಅನ್ನು ಫ್ರಾನ್ಸಿನ ವೈದ್ಯ ಜಾನ್ ಸ್ಟೆರ್ನ್ ರೋಗಿಗಳಲ್ಲಿ ಪರೀಕ್ಷಿಸಿ 1957ರಲ್ಲಿ ವರದಿ ಮಾಡಿದರು.

ಬೈಸಿಕೊಳ್ಳಬೇಕಾದೀತೆಂದು ರೋಗಿ ವೈದ್ಯರ ಮುಂದೆ ಕಷಾಯದ ಮಾತೆತ್ತುವುದಿಲ್ಲ, ಎಷ್ಟೋ ವೈದ್ಯರು ಕೇಳುವುದೂ ಇಲ್ಲ. ಗ್ಲಿಬೆನ್‌ಕ್ಲಮೈಡ್‌ನಂಥ ಸಕ್ಕರೆ ಇಳಿಸುವ ಮಾತ್ರೆಯ ಮೇಲೆ ಹಾಗಲಕಾಯಿ ರಸವೂ ಸೇರಿದರೆ ಸಕ್ಕರೆ ತೀರ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಹೀಗೆಯೇ ಮನೆಮದ್ದೆಂದು ಕುಡಿಯುವ ಸೋರೆಕಾಯಿ ರಸ ಕಹಿಯಾಗಿದ್ದರೆ ಕುಡಿಯಲೇಬಾರದು. ಅದರ ಕುಕುರ್ಬಿಟಸಿನ್ ವಿಷದಿಂದ ಭಾರತದಲ್ಲಿ ಸಾವುಗಳು ಸಂಭವಿಸಿವೆ.

ಮಧುಮೇಹ ಗುಣಪಡಿಸುತ್ತೇವೆಂಬ ಔಷಧಿ ಜಾಹೀರಾತನ್ನು 1954ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಅಂಥ ಮಾತು ನಂಬಿ ಟೈಪ್ 1 ಮಧುಮೇಹದ ಮಗುವಿಗೆ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ, ಒಮ್ಮೊಮ್ಮೆ ಒಂದೇ ದಿನದಲ್ಲಿ, ರಕ್ತದಲ್ಲಿ ಕೀಟೋನ್ ಏರಿ ವಾಂತಿ, ಏದುಸಿರು ಶುರುವಾಗುತ್ತದೆ, ಮಗು ಪ್ರಜ್ಞೆ ತಪ್ಪುತ್ತದೆ. ಆ ಹೊತ್ತಿಗೆ ಬೇಕಾದದ್ದು ಆಸ್ಪತ್ರೆ ಮತ್ತು ಇನ್ಸುಲಿನ್.