ಹಗ್ಗದ ತುದಿಯ ಆಟಗಾರ

ಈ ಶಾಲೆಯ ಮೈದಾನದಲ್ಲಿ ಹಗ್ಗಜಗ್ಗಾಟ ಆಡಿಸಿದ ದೈಹಿಕ ಶಿಕ್ಷಕನಾಗಿ ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆ: ತಂಡದಲ್ಲಿ ಎಲ್ಲರೂ ಪೂರ್ಣ ಬಲ ಹಾಕುತ್ತಾರೆಯೇ?

ಈ ಪ್ರಶ್ನೆಗೆ ದೊಡ್ಡ ಚರಿತ್ರೆಯೇ ಇದೆ. ಸೈಕಲ್ ಸವಾರರು ಒಂಟಿಯಾಗಿ ತುಳಿಯುವುದಕ್ಕಿಂತ ಜೊತೆಗಾರರಿದ್ದಾಗ ವೇಗವಾಗಿ ಸಾಗುತ್ತಾರೆಂದು ಅಮೆರಿಕದ ನಾರ್ಮನ್ ಟ್ರಿಪ್ಲೆಟ್ 1898ರಲ್ಲಿ ತೋರಿಸಿದರು. ಪೈಪೋಟಿ ಹುರುಪು ತರುತ್ತದೆ ಎಂಬ ಮಾತಿಗೆ ಅದು ಬಲ ನೀಡಿತು. ಆದರೆ ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್ಮನ್ 1913ರಲ್ಲಿ ಪ್ರಕಟಿಸಿದ ಅಳತೆಗಳು ಬೇರೆಯದನ್ನೇ ಹೇಳಿದವು. ಗುಂಪು ದೊಡ್ಡದಾದಂತೆ ತಲಾ ಬಲ ಇಳಿಯುತ್ತಿತ್ತು. ಎಂಟು ಜನರಿದ್ದಾಗ ಸುಮಾರು ಅರ್ಧಕ್ಕೆ!

ಒಂದೇ ಕ್ಷಣಕ್ಕೆ ಎಲ್ಲರೂ ಜಗ್ಗದಿರುವುದು ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಮನಸ್ಸಿನದು. 1974ರಲ್ಲಿ ಅಲನ್ ಇಂಗಮ್ ಮತ್ತು ಸಂಗಡಿಗರು ಕಣ್ಣಿಗೆ ಬಟ್ಟೆ ಕಟ್ಟಿದ ಒಬ್ಬನಿಂದಲೇ ಹಗ್ಗ ಎಳೆಸಿದರು. ಹಿಂದೆ ಇತರರೂ ಎಳೆಯುತ್ತಿದ್ದಾರೆಂದು ನಂಬಿದಾಗ ಅವನ ಬಲ ತಗ್ಗಿತು. ಮುಂದೆ 1981ರಲ್ಲಿ, ಗಟ್ಟಿಯಾಗಿ ಕೂಗಿಸುವ ಪ್ರಯೋಗವೊಂದರಲ್ಲಿ, ಪ್ರತಿಯೊಬ್ಬರ ಶ್ರಮವೂ ಪ್ರತ್ಯೇಕವಾಗಿ ಅಳೆಯಲ್ಪಡುತ್ತದೆಂದು ತಿಳಿದಾಗ ಈ ಸಡಿಲಿಕೆ ಮಾಯವಾಯಿತು.

ಹಾಗಾದರೆ ಇದು ಬರೀ ಸೋಮಾರಿತನವಲ್ಲ. ತನ್ನ ಶ್ರಮವನ್ನು ಯಾರೂ ಕಾಣುತ್ತಿಲ್ಲವೆಂಬ ಭಾವನೆ. ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಕಿರಿಯ ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ: ನಾಯಕನ ಕೈಗೆ ಶೀಲ್ಡ್ ಕೊಡುವಾಗ ಹಗ್ಗದ ತುದಿಯಲ್ಲಿ ನಿಂತವನ ಹೆಸರನ್ನೂ ಕೂಗಿ ಹೇಳಿ.