ಶಾಲೆ, ರಸ್ತೆ, ಪೇಟೆ: ವೇಲ್ಸ್ ಶಾಸನಸಭೆಯ ಪ್ರಶ್ನೋತ್ತರದ ಬೆಳವಣಿಗೆ

ಬ್ರಿಟನ್ನಿನ ಸಂಸದೀಯ ಜೀವನವನ್ನು ಕುರಿತು ನಮ್ಮಲ್ಲಿ ಬರೆಯುವವರು, ಬುಧವಾರ ಮಧ್ಯಾಹ್ನ ಲಂಡನ್ನಿನ ಕಾಮನ್ಸ್ ಸಭೆಯಲ್ಲಿ ಪ್ರಧಾನಮಂತ್ರಿಗೂ ವಿರೋಧಪಕ್ಷದ ನಾಯಕರಿಗೂ ನಡೆಯುವ ವಾಗ್ಯುದ್ಧವನ್ನೇ ಪ್ರಶ್ನೋತ್ತರದ ಸಾರಸರ್ವಸ್ವವೆಂದು ಭಾವಿಸಿ, ಕಾರ್ಡಿಫ್ ಕೊಲ್ಲಿಯ ದಂಡೆಯಲ್ಲಿರುವ ವೇಲ್ಸ್ ಶಾಸನಸಭೆಯಲ್ಲಿ ಮಂಗಳವಾರ ಬುಧವಾರಗಳಂದು ನಡೆಯುವ ಕಲಾಪವನ್ನು ಕಡೆಗಣ್ಣಿನಿಂದಲೂ ನೋಡುವುದಿಲ್ಲ. ನೋಡಿದ ಕೆಲವರಾದರೋ, ಮುಚ್ಚಲಿರುವ ಒಂದು ಶಾಲೆ, ತಡವಾದ ಒಂದು ಬಳಸುದಾರಿ, ಬಾಗಿಲಿಕ್ಕಿದ ಅಂಗಡಿಗಳ ಒಂದು ಬೀದಿ, ಇವನ್ನು ಕುರಿತು ಸದಸ್ಯರು ಮಂತ್ರಿಗಳನ್ನು ಕೇಳುವುದನ್ನು ಕಂಡು, ಇದು ಪಂಚಾಯಿತಿಯ ಅಹವಾಲೇ ಹೊರತು ಶಾಸನಸಭೆಯ ಗಾಂಭೀರ್ಯಕ್ಕೆ ತಕ್ಕ ಮಾತಲ್ಲವೆಂದು ತೀರ್ಪು ಕೊಡುತ್ತಾರೆ. ಈ ತೀರ್ಪು ಇತ್ತೀಚೆಗೆ ಪಾಂಡಿತ್ಯದ ವೇಷವನ್ನೂ ಧರಿಸಿರುವುದರಿಂದ, ಈ ಕಲಾಪವನ್ನು ಬಹುಕಾಲದಿಂದ ಅಭ್ಯಾಸ ಮಾಡುತ್ತ ಬಂದಿರುವ ನಾನು ಅದರ ಬೆಳವಣಿಗೆಯನ್ನು ಇಲ್ಲಿ ನಿರೂಪಿಸಲು ಯತ್ನಿಸುತ್ತೇನೆ.

ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ದಕ್ಷಿಣ ಸಮುದ್ರ ಕಂಪೆನಿಯ ಹಗರಣದ ಕಾಲದಲ್ಲಿ, 1721ರಲ್ಲಿ, ಲಾರ್ಡ್ಸ್ ಸಭೆಯಲ್ಲಿ ಅರ್ಲ್ ಕೌಪರ್ ಕೇಳಿದ ಪ್ರಶ್ನೆಯೇ ದಾಖಲೆಗೆ ಬಂದವುಗಳಲ್ಲಿ ಮೊದಲನೆಯದು. 1835ರಲ್ಲಿ ಪ್ರಶ್ನೆಯ ಪೂರ್ವಸೂಚನೆಯನ್ನು ಕಾರ್ಯಕಲಾಪಪಟ್ಟಿಯಲ್ಲಿ ಮುದ್ರಿಸುವ ರೂಢಿ ಆರಂಭವಾಯಿತು. 1902ರ ಸುಧಾರಣೆಗಳು ಮೌಖಿಕ ಉತ್ತರದ ಪ್ರಶ್ನೆಯನ್ನೂ ಲಿಖಿತ ಉತ್ತರದ ಪ್ರಶ್ನೆಯನ್ನೂ ಬೇರ್ಪಡಿಸಿದುವು. ನಮ್ಮ ವಿಧಾನಸಭೆಯ ಚುಕ್ಕೆ ಗುರುತಿನ ಪ್ರಶ್ನೆ ಆ ಮೂಲದಿಂದಲೇ ಬಂದುದು. ಭಾರತದ ಶಾಸನಪರಿಷತ್ತುಗಳಲ್ಲಿ ಪ್ರಶ್ನೆ ಕೇಳುವ ಅಧಿಕಾರ 1892ರಲ್ಲಿಯೂ ಉಪಪ್ರಶ್ನೆಯ ಅಧಿಕಾರ 1909ರಲ್ಲಿಯೂ ದೊರೆತುವೆಂಬುದನ್ನು ನೆನೆದರೆ, ಕಾರ್ಡಿಫಿನ ಪದ್ಧತಿ ನಮ್ಮ ಪದ್ಧತಿಗಿಂತ ಎಷ್ಟು ಕಿರಿಯದೆಂಬುದು ಗೊತ್ತಾಗುತ್ತದೆ.

ವೇಲ್ಸಿನ ಜನಕ್ಕೆ ತಮ್ಮ ಶಾಲೆ ರಸ್ತೆಗಳ ವಿಷಯದಲ್ಲಿ ಪ್ರಶ್ನಿಸಲು ಪ್ರತ್ಯೇಕ ಮಂತ್ರಿಯೊಬ್ಬರು ಬಹುಕಾಲ ಇರಲಿಲ್ಲ. 1951ರಲ್ಲಿ ಗೃಹಮಂತ್ರಿಗೇ ವೇಲ್ಸಿನ ವ್ಯವಹಾರವನ್ನೂ ವಹಿಸಿದರು. 1964ರಲ್ಲಿ ಜಿಮ್ ಗ್ರಿಫಿತ್ಸ್ ವೇಲ್ಸಿನ ಮೊದಲ ರಾಜ್ಯಕಾರ್ಯದರ್ಶಿಯಾದರು. ಅವರ ಇಲಾಖೆಗೆ ಮರುವರ್ಷ ರಸ್ತೆಗಳೂ 1970ರಲ್ಲಿ ಶಾಲೆಗಳೂ ಬಂದುವು. ಈ ಘಟ್ಟದಲ್ಲಿ ಒಬ್ಬರ ಹೆಸರನ್ನು ಹೇಳದೆ ಮುಂದುವರಿಯುವುದು ಅನ್ಯಾಯವಾದೀತು. 1966ರ ಜುಲೈನಲ್ಲಿ ಕಾರ್ಮಾರ್ಥನ್ ಉಪಚುನಾವಣೆಯಲ್ಲಿ ಗೆದ್ದು, ಪ್ಲೈಡ್ ಕಮ್ರಿ ಪಕ್ಷದ ಏಕಾಕಿ ಸದಸ್ಯರಾಗಿ ಲಂಡನ್ನಿಗೆ ಹೋದ ಗ್ವಿನ್‌ಫಾರ್ ಇವಾನ್ಸ್, ಸಭೆಯಲ್ಲಿ ತಮ್ಮ ಒಂಟಿ ಮತದಿಂದ ಏನೂ ಸಾಧಿಸಲಾಗದೆಂಬುದನ್ನು ಅರಿತು, ಪ್ರಶ್ನೆಯನ್ನೇ ತಮ್ಮ ಆಯುಧವನ್ನಾಗಿ ಮಾಡಿಕೊಂಡು, ವೇಲ್ಸಿನ ಸ್ಥಿತಿಗತಿಗಳನ್ನು ಕುರಿತು ಮಂತ್ರಿಗಳಿಂದ ಹೊರಡಿಸಿದ ಲಿಖಿತ ಉತ್ತರಗಳನ್ನು ಪುಸ್ತಿಕೆಗಳಾಗಿ ಪ್ರಕಟಿಸಿದರು. ಸರ್ಕಾರದ ಉತ್ತರವನ್ನೇ ಸರ್ಕಾರದ ವಿರುದ್ಧ ಸಾಕ್ಷ್ಯವನ್ನಾಗಿ ಜೋಡಿಸುವ ಈ ಕ್ರಮ ನನ್ನ ದೃಷ್ಟಿಯಲ್ಲಿ ಇಡೀ ಪರಂಪರೆಯ ಅಡಿಗಲ್ಲು.

1997ರ ಸೆಪ್ಟೆಂಬರಿನ ಜನಮತಗಣನೆಯಲ್ಲಿ ಕೇವಲ 6,721 ಮತಗಳ ಅಂತರದಿಂದ ಅಂಗೀಕೃತವಾಗಿ, 1999ರ ಮೇ ತಿಂಗಳಲ್ಲಿ 60 ಸದಸ್ಯರೊಡನೆ ಅಸ್ತಿತ್ವಕ್ಕೆ ಬಂದ ರಾಷ್ಟ್ರೀಯ ಸಭೆಯ, ಎಂದರೆ ಇಂದಿನ ಶಾಸನಸಭೆಯ, ಮೊದಲ ವರ್ಷಗಳು ಪ್ರಶ್ನೋತ್ತರಕ್ಕೆ ಅನುಕೂಲವಾಗಿರಲಿಲ್ಲ. 1998ರ ಕಾಯಿದೆಯ ದೃಷ್ಟಿಯಲ್ಲಿ ಸಭೆಯೂ ಅದರ ಆಡಳಿತವೂ ಒಂದೇ ನ್ಯಾಯಿಕ ವ್ಯಕ್ತಿಯಾಗಿದ್ದು, ಪ್ರಶ್ನಿಸುವವರೂ ಉತ್ತರಿಸುವವರೂ ಒಂದೇ ಶರೀರದ ಅವಯವಗಳಾಗಿದ್ದುದರಿಂದ, ಮಂತ್ರಿಯನ್ನು ಎದುರಿಗೆ ನಿಲ್ಲಿಸಿ ಹೊಣೆ ಕೇಳುವುದು ತತ್ತ್ವತಃ ತೊಡಕಿನದಾಗಿತ್ತು. 2006ರ ಕಾಯಿದೆ ಶಾಸನಾಂಗವನ್ನೂ ಕಾರ್ಯಾಂಗವನ್ನೂ ಬೇರ್ಪಡಿಸಿದ ಮೇಲೆಯೇ ಪ್ರಶ್ನೆಗೆ ನಿಜವಾದ ಬೆನ್ನೆಲುಬು ಬಂದಿತು. ಇಂದಿನ ಕ್ರಮದಲ್ಲಿ ಮಂಗಳವಾರ ಪ್ರಥಮ ಸಚಿವರೂ ಬುಧವಾರ ಇತರ ಸಚಿವರು ಸರದಿಯಂತೆಯೂ ಉತ್ತರಿಸುತ್ತಾರೆ. ಪ್ರಶ್ನಿಸುವವರ ಹೆಸರನ್ನು ಚೀಟಿಯೆತ್ತಿ ನಿರ್ಧರಿಸುತ್ತಾರೆ. ಪಟ್ಟಿಯಲ್ಲಿನ ಎರಡನೆಯ ಪ್ರಶ್ನೆ ಮುಗಿದೊಡನೆ ಪಕ್ಷಗಳ ನಾಯಕರು ಅಥವಾ ವಕ್ತಾರರು ಪೂರ್ವಸೂಚನೆಯಿಲ್ಲದೆ ಕೇಳಬಹುದು. ಪತ್ರಿಕೆಗಳ ಕಣ್ಣು ನಾಯಕರ ಸರದಿಯ ಮೇಲೆಯೇ ನೆಟ್ಟಿರುತ್ತದೆ. ಸಭೆಯ ಜೀವ ಇರುವುದು ಮಾತ್ರ ಚೀಟಿಯಲ್ಲಿ ಹೆಸರು ಬಂದ ಹಿಂದಿನ ಸಾಲಿನ ಸದಸ್ಯರಲ್ಲಿ.

ಶಾಲೆಗಳ ವಿಷಯವನ್ನು ಮೊದಲು ನೋಡೋಣ. ಜೇನ್ ಡೇವಿಡ್‌ಸನ್ ಶಿಕ್ಷಣಸಚಿವೆಯಾಗಿದ್ದ ಕಾಲದಲ್ಲಿ, 2001ರಲ್ಲಿ, ವೇಲ್ಸ್ ಶಾಲೆಗಳ ಶ್ರೇಣಿಪಟ್ಟಿಯನ್ನು ಕೈಬಿಟ್ಟು ಇಂಗ್ಲೆಂಡಿನಿಂದ ಭಿನ್ನವಾದ ಮಾರ್ಗ ಹಿಡಿಯಿತು. 2010ರ ಡಿಸೆಂಬರಿನಲ್ಲಿ ಪ್ರಕಟವಾದ ಪೀಸಾ ಅಂತರರಾಷ್ಟ್ರೀಯ ಪರೀಕ್ಷೆಯ ಫಲಿತಾಂಶದಲ್ಲಿ ವೇಲ್ಸ್ ಬ್ರಿಟನ್ನಿನ ಉಳಿದ ಮೂರು ನಾಡುಗಳಿಗಿಂತಲೂ ಹಿಂದೆ ಬಿದ್ದುದು ಕಂಡಾಗ, ಆಗಿನ ಸಚಿವ ಲೇಟನ್ ಆಂಡ್ರ್ಯೂಸ್ ಬಿಗಿಯಾದ ಸುಧಾರಣೆಗಳನ್ನು ಕೈಗೊಂಡರು. ಮಕ್ಕಳಿಲ್ಲದೆ ಖಾಲಿ ಬಿದ್ದ ಸ್ಥಾನಗಳನ್ನು ಕಡಮೆ ಮಾಡಬೇಕೆಂದು ಸ್ಥಳೀಯ ಮಂಡಲಿಗಳನ್ನು ಒತ್ತಾಯಿಸಿದರು. ಆ ನೀತಿಯನ್ನನುಸರಿಸಿ ಅವರದೇ ಕ್ಷೇತ್ರವಾದ ರೋಂಡಾದ ಪೆಂಟ್ರೆ ಪ್ರಾಥಮಿಕ ಶಾಲೆಯನ್ನು ಮುಚ್ಚುವ ಪ್ರಸ್ತಾಪ ಬಂದಾಗ, ಅದನ್ನು ಉಳಿಸಬೇಕೆಂಬವರ ಜೊತೆ ಫಲಕ ಹಿಡಿದು ನಿಂತವರೂ ಅವರೇ. 2013ರ ಜೂನ್ 25ರಂದು ಪ್ರಥಮ ಸಚಿವ ಕಾರ್ವಿನ್ ಜೋನ್ಸರನ್ನು ಸಭೆಯಲ್ಲಿ ಸದಸ್ಯರು ಈ ವಿಷಯವಾಗಿ ಪ್ರಶ್ನಿಸಿದರು. ತಮ್ಮ ಸಚಿವರನ್ನು ಜೋನ್ಸರು ಸಮರ್ಥಿಸಲಿಲ್ಲ. ಅದೇ ದಿನ ಆಂಡ್ರ್ಯೂಸ್ ರಾಜೀನಾಮೆ ಕೊಟ್ಟರು. ಆ ಅವಧಿಯ ಶಿಕ್ಷಣಸಚಿವರಲ್ಲಿ ಅವರಷ್ಟು ಕರ್ತೃತ್ವಶಕ್ತಿಯುಳ್ಳವರು ಮತ್ತೊಬ್ಬರಿರಲಿಲ್ಲವೆಂದೇ ನಾನು ತಿಳಿದಿದ್ದೇನೆ. ಆದರೂ ಆ ಪ್ರಶ್ನೆ ನ್ಯಾಯವಾದುದೇ. ನಾಡಿನ ನೀತಿಗೂ ಕಣಿವೆಯೊಂದರ ಶಾಲೆಗೂ ನಡುವಣ ವಿರೋಧ ಒಬ್ಬನೇ ವ್ಯಕ್ತಿಯಲ್ಲಿ ಮೂರ್ತಿಮತ್ತಾದಾಗ, ಅದನ್ನು ಬಯಲಿಗೆ ತಂದುದು ಪಂಡಿತರು ಹಗುರವಾಗಿ ಕಾಣುವ ಊರಿನ ಪ್ರಶ್ನೆಯೇ ಅಲ್ಲವೆ? 2018ರಲ್ಲಿ ಪರಿಷ್ಕೃತವಾದ ಶಾಲಾವ್ಯವಸ್ಥೆಯ ಸಂಹಿತೆ, ಗ್ರಾಮೀಣ ಶಾಲೆಯನ್ನು ಮುಚ್ಚಬಾರದೆಂಬುದನ್ನೇ ಮೊದಲ ನಿಲುವಾಗಿಟ್ಟುಕೊಂಡು, ಮುಚ್ಚುವ ಮುನ್ನ ಬೇರೆ ದಾರಿಗಳನ್ನೆಲ್ಲ ಪರಿಶೀಲಿಸಬೇಕೆಂದು ವಿಧಿಸಿತು. ಅದರ ಹಿಂದೆ ವರ್ಷಾನುಗಟ್ಟಲೆ ಒಂದೊಂದು ಊರಿನ ಹೆಸರೆತ್ತಿ ಕೇಳಿದ ಸದಸ್ಯರ ಒತ್ತಾಯವೂ ಕೆಲಸ ಮಾಡಿತೆಂದು ನನ್ನ ನಂಬಿಕೆ.

ರಸ್ತೆಗಳಲ್ಲಿ ಎಲ್ಲರ ಬಾಯಲ್ಲಿರುವುದು ನ್ಯೂಪೋರ್ಟಿನ ಬಳಿಯ ಎಂ4 ಹೆದ್ದಾರಿಯ ಕಥೆ. ಬ್ರಿನ್‌ಗ್ಲಾಸ್ ಸುರಂಗಗಳಲ್ಲಿನ ದಟ್ಟಣೆಯನ್ನು ತಪ್ಪಿಸುವ ಬದಲುಮಾರ್ಗದ ಯೋಜನೆ 1991ರಲ್ಲಿ ಹುಟ್ಟಿ, 2009ರಲ್ಲಿ ಕೈಬಿಟ್ಟುಹೋಗಿ, ಮತ್ತೆ ಜೀವತಳೆದು, ದೀರ್ಘವಾದ ಸಾರ್ವಜನಿಕ ವಿಚಾರಣೆಯಲ್ಲಿ ಅನುಮೋದನೆಯನ್ನೂ ಪಡೆದು, 2019ರ ಜೂನ್ 4ರಂದು ಪ್ರಥಮ ಸಚಿವ ಮಾರ್ಕ್ ಡ್ರೇಕ್‌ಫರ್ಡರಿಂದ ತಿರಸ್ಕೃತವಾಯಿತು. ಹಣದ ಅಡಚಣೆ ಇಲ್ಲದಿದ್ದರೂ, ಗ್ವೆಂಟ್ ಬಯಲಿನ ಜೌಗುನೆಲಕ್ಕಾಗುವ ಹಾನಿಯ ಕಾರಣ ತಾವು ಒಪ್ಪುತ್ತಿರಲಿಲ್ಲವೆಂದು ಅವರು ಸ್ಪಷ್ಟಪಡಿಸಿದರು. ಆದರೆ ಪ್ರಶ್ನೆಯ ಯೋಗ್ಯತೆಯನ್ನು ಅಳೆಯಲು ಮೆನಾಯ್ ಜಲಸಂಧಿಯ ನಿದರ್ಶನವೇ ಉತ್ತಮ. ಮಾನ್ ದ್ವೀಪದ, ಎಂದರೆ ಆಂಗಲ್ಸಿಯ, ಪ್ರತಿನಿಧಿಯಾಗಿ 2013ರಲ್ಲಿ ಆರಿಸಿಬಂದ ರುನ್ ಆಪ್ ಯೋರ್ವರ್ತ್, ದ್ವೀಪಕ್ಕೆ ಎರಡೇ ಸೇತುವೆಗಳ ಆಧಾರ ಸಾಲದೆಂದು ಸಚಿವರನ್ನು ಮೇಲಿಂದಮೇಲೆ ಕೇಳುತ್ತಿದ್ದರು. 1826ರಲ್ಲಿ ಟೆಲ್ಫರ್ಡ್ ಕಟ್ಟಿದ ತೂಗುಸೇತುವೆಯನ್ನು 2022ರ ಅಕ್ಟೋಬರಿನಲ್ಲಿ ಸುರಕ್ಷತೆಯ ಕಾರಣದಿಂದ ಹಠಾತ್ತಾಗಿ ಮುಚ್ಚಿದಾಗ, ಸಂಚಾರವೆಲ್ಲ ಬ್ರಿಟಾನಿಯ ಸೇತುವೆಯೊಂದರ ಮೇಲೆಯೇ ಬಿದ್ದು, ಅಲ್ಲಿಯವರೆಗೆ ಸ್ಥಳೀಯ ಗೀಳಿನಂತೆ ತೋರಿದ್ದ ಮಾತು ನಾಡಿನ ಮಾತಾಯಿತು. 2023ರ ಫೆಬ್ರವರಿಯಲ್ಲಿ ರಸ್ತೆಗಳ ಪುನರ್ವಿಮರ್ಶೆಯ ವರದಿಯೊಡನೆ ಮೂರನೆಯ ಸೇತುವೆಯ ಯೋಜನೆಯನ್ನು ಕೈಬಿಟ್ಟರೆಂಬುದು ನಿಜ. ಆ ವಿಮರ್ಶೆಯ ಪರಿಸರಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಸೇತುವೆ ಮುಚ್ಚಿದರೆ ದ್ವೀಪದ ಜನ ಏನು ಮಾಡಬೇಕೆಂಬುದಕ್ಕೆ ಅದರಿಂದ ತೃಪ್ತಿಕರವಾದ ಸಮಾಧಾನ ದೊರೆಯಲಿಲ್ಲ. ವಸತಿಬೀದಿಗಳಲ್ಲಿ ಗಂಟೆಗೆ 20 ಮೈಲಿಯ ಮಿತಿ 2023ರ ಸೆಪ್ಟೆಂಬರ್ 17ರಂದು ಜಾರಿಗೆ ಬಂದ ಮೇಲೆ, ಅದರ ವಿರುದ್ಧದ ಅರ್ಜಿಗೆ ನಾಲ್ಕೂವರೆ ಲಕ್ಷಕ್ಕಿಂತ ಹೆಚ್ಚು ಜನ ಸಹಿ ಮಾಡಿದರು. ಆದರೂ ಯಾವ ಬೀದಿಗೆ ಯಾವ ಮಿತಿ ತಕ್ಕುದೆಂಬ ವಿವೇಚನೆ ಆ ಗದ್ದಲದಲ್ಲಿ ನಡೆಯದೆ, ಬೀದಿಯ ಹೆಸರು ಹಿಡಿದು ಕೇಳಿದ ಪ್ರಶ್ನೆಗಳಲ್ಲಿಯೇ ನಡೆಯಿತು.

ಇನ್ನು ಪೇಟೆಯ ವಿಷಯ. ಇಲ್ಲಿ ಪ್ರಶ್ನೆಗಳು ಅಸಂಖ್ಯ, ಫಲ ಅಲ್ಪ. ಕಾರಣ ಸದಸ್ಯರಲ್ಲಿ ಇಲ್ಲ. ಲಾನೆಲ್ಲಿಯಂಥ ಊರಿನಲ್ಲಿ ಹೊರವಲಯದ ಟ್ರೋಸ್ಟ್ರೆ ಮಳಿಗೆಗಳ ಸಮುಚ್ಚಯ ಊರೊಳಗಿನ ವ್ಯಾಪಾರವನ್ನು ಸೆಳೆದುಕೊಂಡಿತು. ಗಣಿಯೂ ಉಕ್ಕಿನ ಕಾರ್ಖಾನೆಯೂ ಮುಚ್ಚಿದ ಕಣಿವೆಗಳಲ್ಲಿ ಕೊಳ್ಳುವ ಶಕ್ತಿಯೇ ಕುಂದಿತು. ಬ್ಯಾಂಕುಗಳು ಶಾಖೆಗಳನ್ನು ಮುಚ್ಚಿದುವು. ಇದನ್ನೆಲ್ಲ ಕುರಿತು ಕೇಳಬೇಕಾದ ಸದಸ್ಯರು ಯಾರನ್ನು ಕೇಳಬೇಕು? ಹೊಸ ಮಳಿಗೆಗೆ ಅನುಮತಿಯೆಂದರೆ ಯೋಜನೆಯ ಸಚಿವರು, ಅಂಗಡಿಯ ತೆರಿಗೆಯೆಂದರೆ ಹಣಕಾಸಿನ ಸಚಿವರು, ಬಸ್ಸೆಂದರೆ ಸಾರಿಗೆಯವರು, ವಾಹನ ನಿಲ್ಲಿಸುವ ಶುಲ್ಕವೆಂದರೆ ಸ್ಥಳೀಯ ಮಂಡಲಿ, ಬ್ಯಾಂಕೆಂದರೆ ಲಂಡನ್. ಒಂದೇ ಬೀದಿಯ ಸಂಕಟ ಹೀಗೆ ಹಲವು ಮೇಜುಗಳಿಗೆ ಹಂಚಿಹೋಗುವುದರಿಂದ, ಪ್ರತಿಯೊಬ್ಬ ಸಚಿವರೂ ತಮ್ಮ ಪಾಲಿನ ಉತ್ತರವನ್ನು ಪ್ರಾಮಾಣಿಕವಾಗಿ ಕೊಟ್ಟರೂ ಪೇಟೆಗೆ ಉತ್ತರ ದೊರೆಯುವುದಿಲ್ಲ. ಪಟ್ಟಣಗಳ ಪರಿವರ್ತನೆಗಾಗಿ 2020ರಲ್ಲಿ ಆರಂಭವಾದ ಧನಸಹಾಯದ ಕಾರ್ಯಕ್ರಮ, 2021ರ ರಾಷ್ಟ್ರೀಯ ಯೋಜನೆಯಲ್ಲಿ ಸೇರಿದ ‘ಮೊದಲು ಪೇಟೆ’ ಎಂಬ ತತ್ತ್ವ, ಅದೇ ವರ್ಷ ಮಹಾಲೆಕ್ಕಪರಿಶೋಧಕರು ಪೇಟೆಗಳ ಪುನರುಜ್ಜೀವನವನ್ನೇ ಕುರಿತು ಹೊರತಂದ ವರದಿ, ಇವೆಲ್ಲ ಸ್ವಾಗತಾರ್ಹ. ಆದರೂ ಇಡೀ ಪೇಟೆಯ ಹೊಣೆ ಹೊತ್ತು ಸಭೆಯಲ್ಲಿ ನಿಂತು ಉತ್ತರಿಸುವವರೊಬ್ಬರು ಬೇಕೆಂಬ ಕೊರತೆ ಕೊರತೆಯಾಗಿಯೇ ಉಳಿದಿದೆ.

ಅಧ್ಯಯನಗಳ ಕೊರತೆಯೂ ಇದಕ್ಕೆ ಸರಿಸಾಟಿಯೇ. ಲಂಡನ್ನಿನ ಪ್ರಶ್ನೆಗಳನ್ನು ಕುರಿತು ಚೆಸ್ಟರ್ ಮತ್ತು ಬೌರಿಂಗ್ 1962ರಲ್ಲಿಯೇ ಪ್ರಮಾಣಗ್ರಂಥವನ್ನು ಬರೆದರು; ಫ್ರಾಂಕ್ಲಿನ್ ಮತ್ತು ನಾರ್ಟನ್ ಸಂಪಾದಿಸಿದ ಗ್ರಂಥ 1993ರಲ್ಲಿ ಬಂದಿತು. ಕಾರ್ಡಿಫಿನ ಪ್ರಶ್ನೆಗಳಿಗೆ ಅಂಥ ಕೃತಿಯೊಂದು ದೊರೆತುದನ್ನು ನಾನು ಕಂಡಿಲ್ಲ. ಬದಲಿಗೆ ಯಾವ ಸದಸ್ಯರು ಎಷ್ಟು ಕೇಳಿದರೆಂದು ಎಣಿಸುವ ಚಾಳಿ ಬೆಳೆದಿದೆ. ಒಂದು ಪ್ರಶ್ನೆಯನ್ನು ಹಿಡಿದು, ‘ಪತ್ರ ಬರೆಯುತ್ತೇನೆ’ ಎಂದ ಸಚಿವರು ಬರೆದರೆ, ಬರೆದುದರಿಂದ ಬಳಸುದಾರಿ ಬಂದಿತೆ, ಶಾಲೆ ಉಳಿಯಿತೆ, ಎಂದು ಅದರ ಬೆನ್ನುಹತ್ತಿ ಹೋಗುವ ತಾಳ್ಮೆ ಎಣಿಕೆಗಾರರಿಗಿಲ್ಲ. ಸಭೆಯಲ್ಲಿ ವೆಲ್ಷ್ ಭಾಷೆಯಲ್ಲಿ ಕೇಳುವ ಪ್ರಶ್ನೆಗಳನ್ನು ಹೊರಗಿನ ಅಭ್ಯಾಸಿಗಳು ಇಂಗ್ಲಿಷ್ ಅನುವಾದದಿಂದ ಮಾತ್ರ ಓದುತ್ತಾರೆ. ವೆಲ್ಷ್ ಮಾಧ್ಯಮದ ಶಾಲೆಗಳ ಭವಿಷ್ಯವನ್ನು ಕುರಿತ ಚರ್ಚೆಯ ಬಹುಭಾಗ ನಡೆಯುವುದು ಆ ಭಾಷೆಯಲ್ಲಿಯೇ ಎಂಬುದನ್ನು ಗಮನಕ್ಕೆ ತಂದುಕೊಂಡರೆ, ಈ ಉಪೇಕ್ಷೆ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ.

2024ರ ಕಾಯಿದೆ, 2026ರ ಮೇ ಚುನಾವಣೆಯಿಂದ ಸದಸ್ಯಸಂಖ್ಯೆಯನ್ನು 60ರಿಂದ 96ಕ್ಕೆ ಏರಿಸಿ, ಒಬ್ಬ ಸದಸ್ಯನ ಕ್ಷೇತ್ರದ ಬದಲು ಆರು ಸದಸ್ಯರ 16 ಕ್ಷೇತ್ರಗಳನ್ನು ಗೊತ್ತುಪಡಿಸಿದೆ. ಪ್ರಶ್ನೋತ್ತರದ ಕಾಲವನ್ನು ಅದಕ್ಕೆ ತಕ್ಕಂತೆ ಹೆಚ್ಚಿಸದಿದ್ದರೆ ಚೀಟಿಯಲ್ಲಿ ಹಿಂದಿನ ಸಾಲಿನವರ ಹೆಸರು ಬರುವುದು ಅಪರೂಪವಾಗುತ್ತದೆ. ಕ್ಷೇತ್ರಗಳು ಹಿಗ್ಗಿದಂತೆಲ್ಲ ಪೆಂಟ್ರೆಯಂಥ ಒಂದು ಊರಿನ ಶಾಲೆಯನ್ನು ತನ್ನದೆಂದು ಎತ್ತಿಕೊಳ್ಳಬೇಕಾದ ಸದಸ್ಯ ಆರು ಮಂದಿಯಲ್ಲಿ ಯಾರೆಂಬುದೂ ಅಸ್ಪಷ್ಟವಾಗುತ್ತದೆ. ಸಭೆಯ ನಿಯಮಗಳನ್ನು ರೂಪಿಸುವವರು ನಾಯಕರ ಸರದಿಗೆ ಕೊಡುವ ನಿಮಿಷಗಳನ್ನು ನಿರ್ಧರಿಸುವುದಕ್ಕೆ ಮುಂಚೆ ಈ ಎರಡನ್ನೂ ಇತ್ಯರ್ಥಪಡಿಸತಕ್ಕದ್ದು.